ಹುಳಿಗೆ ಎರಡು ಕೈ

ಮೇಡಂ ಯಾವುದನ್ನೇ ಕೈಗೆ ತೆಗೆದುಕೊಳ್ಳಲಿ, ಮೊದಲು ಅದನ್ನು ಮೂಗಿನ ಹತ್ತಿರ ತರುತ್ತಿದ್ದರು. ಎಡಗಣ್ಣು ಅರ್ಧ ಮುಚ್ಚುತ್ತಿತ್ತು, ಮೂಗುತಿಯ ಬಿಳಿ ಹರಳು ಒಮ್ಮೆ ಅಲುಗುತ್ತಿತ್ತು. ಸೀಮೆಸುಣ್ಣ, ನಮ್ಮ ಉತ್ತರಪತ್ರಿಕೆ, ಸ್ಟಾಫ್ ರೂಮಿಗೆ ಬಂದ ಕಾಫಿ, ಹುಡುಗರು ಮನೆಯಿಂದ ತಂದ ರಜಾ ಚೀಟಿ, ಎಲ್ಲಕ್ಕೂ ಅದೇ ಮರ್ಯಾದೆ. ಒಮ್ಮೆ ನನ್ನ ಚೀಟಿಯನ್ನು ಮೂಸಿ, "ಇದು ನಿಮ್ಮಪ್ಪ ಬರೆದಿದ್ದಲ್ಲ ಕಣೋ. ಅವರು ಬೀಡಿ ಸೇದ್ತಾರೆ. ಇದು ತಲೆಗೆ ಹಚ್ಚೋ ಎಣ್ಣೆ ವಾಸ್ನೆ ಹೊಡೀತಾ ಐತೆ" ಎಂದು ಬೆಂಚಿನ ಮೇಲೆ ನಿಲ್ಲಿಸಿದರು. ಬರೆದುಕೊಟ್ಟವಳು ಜಡೆ ಹಾಕಿಕೊಳ್ಳುತ್ತಿದ್ದ ನನ್ನ ಅಕ್ಕ.

ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅಲ್ಲಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಹೇಳುತ್ತಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಯಾರ ವಾಸನೆಯೂ ಒಪ್ಪಲಿಲ್ಲ" ಎನ್ನುತ್ತಿದ್ದರಂತೆ. ಇದನ್ನು ನಾನು ಕಿವಿಯಾರೆ ಕೇಳಿಲ್ಲ, ಊರಿನವರು ಹೇಳಿದ್ದು. ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆಯಾಗಿ ಇಡುವ ಅಭ್ಯಾಸ ನನಗೆ ಬಂದದ್ದು ಅವರಿಂದಲೇ. ಈಗ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸುತ್ತೇನೆ. ದಿನವೂ ಸುತ್ತಮುತ್ತ ಗೋಣಿಚೀಲಗಳೇ. ಆದರೂ ಒದ್ದೆಯಾದ ಒಂದು ಗೋಣಿಚೀಲ ಕಂಡರೆ ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಒಂಬತ್ತನೇ ಕ್ಲಾಸಿನಲ್ಲಿ ಮಣ್ಣಿನ ಪಾಠ ಬಂದಾಗ ಮೇಡಂ ಪುಸ್ತಕ ತೆರೆಯಲಿಲ್ಲ. ಮನೆಯಿಂದ ಬಳಪದ ಕಲ್ಲಿನ ಒಂದು ಮರಿಗೆ ತಂದು ಮೇಜಿನ ಮೇಲಿಟ್ಟರು. ಅವರ ಅಜ್ಜಿಯ ಕಾಲದಿಂದ ನಿಂಬೆ ಉಪ್ಪಿನಕಾಯಿ ಹಾಕುತ್ತಿದ್ದ ಪಾತ್ರೆ. ಒಬ್ಬೊಬ್ಬರನ್ನೇ ಕರೆದು ಒಳಗೆ ಬೆರಳಾಡಿಸಲು ಹೇಳಿದರು. ಬಾಯಿಯ ಹತ್ತಿರ ನುಣುಪು. ಉಪ್ಪಿನಕಾಯಿ ನಿಲ್ಲುತ್ತಿದ್ದ ಮಟ್ಟದಿಂದ ಕೆಳಗೆ ಬೆಕ್ಕಿನ ನಾಲಿಗೆಯ ಹಾಗೆ ತರಿತರಿ.

"ಇಲ್ಲಿದ್ದ ಕಲ್ಲು ಎಲ್ಲಿ ಹೋಯ್ತು?"

ನಾವು ಮರಿಗೆಯೊಳಗೆ ಇಣುಕಿದೆವು.

"ನಮ್ಮ ಮನೆಯವರ ಹೊಟ್ಟೆಗೆ ಹೋಯ್ತು. ಮೂರು ತಲೆಮಾರು ಕಲ್ಲು ತಿಂದಿದೀವಿ. ಯಾರಿಗೂ ಗೊತ್ತಾಗಲಿಲ್ಲ."

"ಅದ್ಕೇ ಮೇಡಂ, ನಿಮ್ಮ ಏಟು ಅಷ್ಟು ಗಟ್ಟಿ" ಎಂದ ಹಿಂದಿನ ಬೆಂಚಿನ ಒಬ್ಬ. ಕ್ಲಾಸು ನಕ್ಕಿತು. ಮೇಡಂ ಕೂಡ ನಕ್ಕರು. ಅವನು ಮುಂದೆ ಹಳೇಬೀಡಿನಲ್ಲಿ ಬಳಪದ ಕಲ್ಲಿನ ಸಣ್ಣ ಮೂರ್ತಿಗಳನ್ನು ಕೆತ್ತಿ ಪ್ರವಾಸಿಗರಿಗೆ ಮಾರುವವನಾದ. ಕೆತ್ತನೆಯವನು ಎಂದೇ ಅವನನ್ನು ಕರೆಯುತ್ತೇನೆ.

ಆ ದಿನ ಮೇಡಂ ಹೇಳಿದ್ದನ್ನು ಈಗಲೂ ಅವರ ದನಿಯಲ್ಲೇ ಕೇಳಬಲ್ಲೆ. "ಕಲ್ಲು ಅಂದ್ರೆ ಸುಮ್ನೆ ಗಟ್ಟಿ ವಸ್ತು ಅಲ್ಲ. ಅದರೊಳಗೆ ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಷು, ಎಲ್ಲಾನೂ ಮರಳಿನ ಅಂಶದ ಜೊತೆ ಕಟ್ಟಿಹಾಕಿರೋ ಮನೆ ಅದು. ಅದಕ್ಕೆ ಸಿಲಿಕೇಟು ಅಂತಾರೆ. ಬೇರು ಹುಳಿ ಬಿಡ್ತದೆ, ಕೊಳೆಯೋ ಎಲೆ ಹುಳಿ ಬಿಡ್ತದೆ, ಬೂಷ್ಟು ಹುಳಿ ಬಿಡ್ತದೆ. ಆ ಹುಳಿಗೆ ಎರಡು ಕೈ. ಒಂದು ಕೈಲಿ ಮನೆ ಗೋಡೆ ಸಡಿಲ ಮಾಡ್ತದೆ. ಇನ್ನೊಂದು ಕೈಲಿ ಒಳಗಿರೋ ಕಬ್ಬಿಣವನ್ನ ಇಕ್ಕಳದಲ್ಲಿ ಹಿಡಿದ ಹಾಗೆ ಹಿಡ್ಕೊಂಡು ಹೊರಗೆ ಎಳೀತದೆ. ಹಿಡಿದಿದ್ದನ್ನ ವಾಪಸ್ ಹೋಗೋಕೆ ಬಿಡಲ್ಲ. ಎಲ್ಲಾ ಎಳೆದ ಮೇಲೆ ಉಳಿಯೋದೇ ಜೇಡಿ. ನೀವು ತುಳಿದು ಬಂದಿರಲ್ಲ, ಅದು."

ಕೆತ್ತನೆಯವನು ಎದ್ದು ನಿಂತು ಕೇಳಿದ: "ಮೇಡಂ, ಹೊಸ ಕಲ್ಲು ಹಳೇದಾಗಬೇಕಾದ್ರೆ ಎಷ್ಟು ದಿನ ಬೇಕು?"

"ಒಳ್ಳೆ ಪ್ರಶ್ನೆ" ಎಂದರು ಮೇಡಂ. ಅವರ ಬಾಯಿಂದ ಆ ಮಾತು ಬರುವುದು ಅಪರೂಪ. "ಮಣ್ಣಲ್ಲಾದ್ರೆ ವರ್ಷಗಟ್ಟಲೆ. ಹುಳಿ ಜಾಸ್ತಿ ಇದ್ದ ಕಡೆ ಬೇಗ."

ಅವನು ಕೂತ. ಆಗ ಅದರಲ್ಲಿ ನನಗೆ ಏನೂ ಕಾಣಲಿಲ್ಲ.

ಹಳೇಬೀಡಿಗೆ ನಮ್ಮನ್ನು ಕರೆದುಕೊಂಡು ಹೋದಾಗಲೂ ಹಾಗೆಯೇ. ಬೇರೆ ಮೇಷ್ಟ್ರುಗಳು ಮಕ್ಕಳಿಗೆ ಆನೆಯ ಸಾಲು, ಕುದುರೆಯ ಸಾಲು ತೋರಿಸುತ್ತಿದ್ದರು. ಇವರು ನಮ್ಮನ್ನು ಹೊಲದ ಬದುವಿನಲ್ಲಿ ಬಿದ್ದಿದ್ದ ಒಂದು ಕಲ್ಲುಕಂಬದ ಹತ್ತಿರ ಕೂರಿಸಿ, ಅದರ ಮೇಲೆ ಹಬ್ಬಿದ್ದ ಬೂದುಬಣ್ಣದ ಕಲ್ಲುಹೂವನ್ನು ಉಗುರಿನಿಂದ ಎಬ್ಬಿಸಿ ಅಡಿಯಲ್ಲಿ ಪುಡಿಯಾಗಿದ್ದ ಕಲ್ಲನ್ನು ತೋರಿಸಿದರು. "ಮಸಾಲೆಗೆ ಹಾಕ್ತೀರಲ್ಲ, ಇದರ ಜಾತಿಯದೇ. ಹಲ್ಲಿಲ್ಲ, ಬೇರಿಲ್ಲ. ಹೆಂಗೆ ತಿಂತು? ಮೂಸಿ ನೋಡಿ." ನಾವೆಲ್ಲ ಸಾಲಾಗಿ ಕಂಬವನ್ನು ಮೂಸಿದೆವು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ನಿವೃತ್ತಿಯಾದ ಮೇಲೆ ಮೇಡಂ ತಮ್ಮ ತಂದೆಯಿಂದ ಬಂದ ತೆಂಗಿನ ತೋಟದಲ್ಲೇ ಮನೆ ಮಾಡಿಕೊಂಡರು. ಬಸ್ಸಿನ ರಸ್ತೆಗೆ ಅಂಟಿಕೊಂಡ ತೋಟ. ಗೇಟಿಗೆ ಯಾವಾಗಲೂ ಬೀಗ. ಅವರ ಕೊಬ್ಬರಿಯನ್ನು ನಾನೇ ಕೊಳ್ಳುತ್ತಿದ್ದೆ; ಅದಕ್ಕಾಗಿ ಹೋದಾಗ ಬೀಗದ ಕೈ ಹಿಡಿದುಕೊಂಡು ಬಂದು, ಕಂಬಿಯ ಸಂದಿಯಿಂದ ನನ್ನನ್ನು ಒಮ್ಮೆ ಪೂರ್ತಿ ನೋಡಿ, ಆಮೇಲೆ ತೆಗೆಯುತ್ತಿದ್ದರು.

ಆ ತೋಟದಲ್ಲಿ ಅವರು ಕಲ್ಲು ಹೂಳುತ್ತಿದ್ದರು. ಕೆತ್ತನೆಯವನ ಅಂಗಡಿಯಲ್ಲಿ ಮಿಕ್ಕ ಬಳಪದ ಕಲ್ಲಿನ ತುಂಡುಗಳು, ಅಂಗೈಯಗಲದ ಬಿಲ್ಲೆಗಳು. ಒಂದು ಮುಖವನ್ನು ಅವನು ಕನ್ನಡಿಯ ಹಾಗೆ ಉಜ್ಜಿ ಕೊಡುತ್ತಿದ್ದ. ಕೆಲವು ತುಂಡುಗಳ ಮೂಲೆಯಲ್ಲಿ ಕೆತ್ತಿ ಕೈಬಿಟ್ಟ ಕಮಲದ ಎಸಳೋ ಕಾಲಿನ ಬೆರಳೋ ಇರುತ್ತಿತ್ತು. ಮೇಡಂ ಅವುಗಳನ್ನು ತೆಂಗಿನ ಬುಡದಲ್ಲಿ, ಅವರೆ ಬಳ್ಳಿಯ ಬುಡದಲ್ಲಿ, ಏನೂ ಬೆಳೆಯದ ಬರೀ ಮಣ್ಣಿನಲ್ಲಿ ಹೂತಿಡುವರು. ಮಳೆಗಾಲಗಳು ಕಳೆದ ಮೇಲೆ ತೆಗೆದು, ತೊಳೆದು, ಬಿಸಿಲಿಗೆ ಓರೆಯಾಗಿ ಹಿಡಿಯುವರು. ಬೇರು ಮುಟ್ಟಿದ ಜಾಗದಲ್ಲಿ ಹೊಳಪು ಸತ್ತು ಕವಲೊಡೆದ ಮಂಕು ಗೆರೆಗಳು ಮೂಡಿರುತ್ತಿದ್ದವು. ನೇರವಾಗಿ ನೋಡಿದರೆ ಕಾಣುತ್ತಿರಲಿಲ್ಲ.

"ಈ ತೋಟಕ್ಕೆ ನಮ್ಮ ತಾತನ ಕಾಲದಿಂದ ಗೊಬ್ಬರ ಹಾಕಿದ್ದು ಅಷ್ಟಕ್ಕಷ್ಟೇ" ಎಂದು ಒಮ್ಮೆ ಹೇಳಿದರು. "ಮರ ಮಾತ್ರ ಕಾಯಿ ಬಿಡ್ತಾನೇ ಐತೆ. ಎಲ್ಲಿಂದ ತಿಂತಾ ಐತೆ ಅಂತ ನನಗೆ ಅನುಮಾನ."

ಮನೆಯ ಹಿಂದೆ ದೊಡ್ಡ ನೆಲ್ಲಿ ಮರ. ಅದರ ಕೆಳಗೆ ಸಿಮೆಂಟಿನ ಬಳೆ ಇಳಿಸಿದ ಒಂದು ಗುಂಡಿ. ಸಗಣಿ ಹಾಕುತ್ತಿರಲಿಲ್ಲ, ಉದುರಿದ ಎಲೆ, ಬಿದ್ದ ನೆಲ್ಲಿಕಾಯಿ, ಕೆಟ್ಟ ಮಜ್ಜಿಗೆ ಇಷ್ಟೇ. ಅದನ್ನು ಅವರು ಹುಳಿಗುಂಡಿ ಎನ್ನುತ್ತಿದ್ದರು. ಅದರಲ್ಲೂ ಬಿಲ್ಲೆಗಳಿದ್ದವು. ಮಣ್ಣು ನಿಧಾನವಾಗಿ ಮಾಡುವ ಕೆಲಸವನ್ನು ಅದು ಎಷ್ಟು ಬೇಗ ಮಾಡುತ್ತದೆ ಎಂದು ನೋಡಲು.

ಇದನ್ನೆಲ್ಲ ಊರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. "ಹೇಳಿದ್ರೆ ಒಬ್ಬೊಬ್ಬರಾಗಿ ಬಂದು ಕಿತ್ತು ನೋಡ್ತಾರೆ. ಅರ್ಧಕ್ಕೆ ಕಿತ್ತ ಬಿಲ್ಲೆ ಸುಳ್ಳು ಹೇಳ್ತದೆ" ಎನ್ನುತ್ತಿದ್ದರು. ಆದರೆ ಹಳೇಬೀಡಿನ ಸೀಮೆಯಲ್ಲಿ ಬೀಗ ಹಾಕಿದ ಗೇಟಿನ ಹಿಂದೆ ಗುದ್ದಲಿ ಹಿಡಿದವರನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಇಲ್ಲಿ ಹುಟ್ಟಿದವರಿಗೆ ಗೊತ್ತಿರಬೇಕಿತ್ತು. ಪಕ್ಕದ ತೋಟದ ಯಜಮಾನರು ಒಮ್ಮೆ ನನ್ನ ಗಾಡಿ ನಿಲ್ಲಿಸಿ ಕೇಳಿದರು.

"ಏನಪ್ಪಾ ಮಂಡಿ ಸಾಹುಕಾರ, ಒಳಗೆ ಹೋಗಿ ಬತ್ತೀಯಲ್ಲ. ಎಷ್ಟು ಕೊಪ್ಪರಿಗೆ ಸಿಕ್ಕಿದಾವಂತೆ?"

"ನಿಧಿ ಅಲ್ಲ ಯಜಮಾನ್ರೇ. ಅವ್ರು ಕಲ್ಲು ಹೂಳ್ತಾರೆ."

"ಹೂಳ್ತಾರಾ?" ಅವರು ಬಾಯೊಳಗಿನ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿದರು. "ತೆಗೆಯೋರನ್ನ ಕಂಡಿದೀನಿ. ಹೂಳೋರು ಅದಕ್ಕಿಂತ ಹುಷಾರಿರಬೇಕು."

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಕೊಬ್ಬರಿ ನೋಡಲು ಹೋದೆ. ಗೇಟಿನ ಬೀಗ ತೆರೆದಿತ್ತು. ಮೇಡಂ ಕಣ್ಣು ತೋರಿಸಲು ಹಾಸನಕ್ಕೆ ಹೋಗಿದ್ದರು. ಹಾಗೆಂದು ಹೇಳಿದವನು ಕೆತ್ತನೆಯವನು. ಅವನು ಮನೆಯ ಹಿಂದಿನಿಂದ ಬರುತ್ತಿದ್ದ. ಕೈಯಲ್ಲಿ ಬಾಯಿ ಕಟ್ಟಿದ ಒಂದು ಗೋಣಿಚೀಲ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. "ಬಿಲ್ಲೆ ತೊಳೆದು ಉಜ್ಜಿಕೊಡು ಅಂತ ಬೀಗದ ಕೈ ಕೊಟ್ಟು ಹೋಗಿದ್ರು, ತಗೊಂಡು ಹೋಗ್ತಿದೀನಿ ಕಣೋ" ಎಂದ. ಚೀಲವನ್ನು ಸ್ಕೂಟರಿನ ಹಿಂದೆ ಕಟ್ಟಿ ಹೊರಟ. ಹುಳಿ ವಾಸನೆ ಗೇಟಿನ ತನಕ ಇತ್ತು. ನಾನು ಕಂಡದ್ದು ಇಷ್ಟು.

ಆ ವರ್ಷದ ಮಳೆಗಾಲ ಕಳೆದ ಮೇಲೆ ಪೊಲೀಸಿನವರು ಬಂದರು. ಬಂದಾಗ ನಾನು ಅಲ್ಲೇ ಇದ್ದೆ, ಕೊಬ್ಬರಿ ಚೀಲದಲ್ಲಿ ಕೈಯಿಟ್ಟುಕೊಂಡು. ಸಬ್ ಇನ್ಸ್‌ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಮೆದುವಾಗಿ ಮಾತಾಡುವವರು. ಮಹಜರಿಗೆ ಸಾಕ್ಷಿ ಬೇಕೆಂದು ನನ್ನನ್ನು ನಿಲ್ಲಿಸಿಕೊಂಡರು. ಇನ್ನೊಬ್ಬ ಸಾಕ್ಷಿಯಾಗಿ ಯಜಮಾನರು ತಾವಾಗಿಯೇ ಒಳಗೆ ಬಂದರು. ಇನ್ಸ್‌ಪೆಕ್ಟರ್ ಬಟ್ಟೆ ಬಿಚ್ಚಿ ಗೇಣುದ್ದದ ಒಂದು ನಂದಿಯನ್ನು ಜಗಲಿಯ ಮೇಲಿಟ್ಟರು. ಕಪ್ಪಗೆ, ಸವೆದು, ನೋಡಿದರೆ ಕೈ ಮುಗಿಯಬೇಕು ಅನ್ನಿಸುವಷ್ಟು ಹಳೆಯದಾಗಿ ಕಾಣುತ್ತಿತ್ತು.

"ಬೇಲೂರಿನ ಹತ್ರ ಒಬ್ಬ ಇದನ್ನ ಹೊಯ್ಸಳರ ಕಾಲದ್ದು ಅಂತ ಮಾರೋಕೆ ಹೋಗಿ ಸಿಕ್ಕಿಬಿದ್ದ ಮೇಡಂ. ಯಾರ ಹತ್ರ ತಗೊಂಡೆ ಅಂದ್ರೆ ಗೊತ್ತಿಲ್ಲ ಅಂತಾನೆ. ನಿಮ್ಮ ತೋಟದಲ್ಲಿ ಕಲ್ಲು ಹೂತು ಹಳೇದು ಮಾಡ್ತಾರೆ ಅಂತ ಈ ಕಡೆ ಮಾತಿದೆ."

ಅವರ ಜನ ಗುಂಡಿಯಿಂದಲೂ ಮರದ ಬುಡದಿಂದಲೂ ಬಿಲ್ಲೆಗಳನ್ನು ತೆಗೆದು ಜಗಲಿಗೆ ತಂದು ಸುರಿದರು. ಕೆಲವುಗಳ ಮೂಲೆಯಲ್ಲಿ ಕಮಲದ ಎಸಳು. ಯಜಮಾನರು ನನ್ನ ಮುಖ ನೋಡಿದರು.

ಮೇಡಂ ನಂದಿಯನ್ನು ಎತ್ತಿಕೊಂಡರು. ಮೂಗಿನ ಹತ್ತಿರ ತಂದರು. ಎಡಗಣ್ಣು ಅರ್ಧ ಮುಚ್ಚಿತು. ಆಮೇಲೆ ಬಿಸಿಲಿಗೆ ಓರೆಯಾಗಿ ಹಿಡಿದು, ಹೊಟ್ಟೆಯ ಕೆಳಗೆ, ಕಿವಿಯ ಹಿಂದೆ, ಬಹಳ ಹೊತ್ತು ನೋಡಿದರು.

"ಇದು ಹೊಸದು" ಎಂದರು. "ಮಣ್ಣಲ್ಲಿದ್ದ ಕಲ್ಲನ್ನ ಬೇರು ಮುಟ್ಟಿದ ಕಡೆ ತಿಂತದೆ, ಮುಟ್ಟದ ಕಡೆ ಬಿಡ್ತದೆ. ಈ ಬಿಲ್ಲೆ ನೋಡಿ, ಒಂದು ಮಗ್ಗುಲಲ್ಲಿ ಗೆರೆ, ಇನ್ನೊಂದು ಮಗ್ಗುಲು ಹಂಗೇ ಐತೆ. ಈ ನಂದಿಗೆ ಬೆನ್ನ ಮೇಲೂ ಅಷ್ಟೇ, ಹೊಟ್ಟೆ ಕೆಳಗೂ ಅಷ್ಟೇ. ಹುಳಿಯಲ್ಲಿ ಮುಳುಗಿಸಿದಾರೆ."

ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿ ಮೇಡಂ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ನಂದಿಯ ಕೊರಳಿನ ಮಡಿಕೆಗಳಲ್ಲಿದ್ದ ನೀಲಿಗಪ್ಪು ಗೆರೆಗಳನ್ನು ಉಗುರಿನಿಂದ ಮುಟ್ಟಿ, ಪಕ್ಕದಲ್ಲಿ ನಿಂತಿದ್ದ ಮಹಿಳಾ ಕಾನ್ಸ್‌ಟೇಬಲ್ಲನ್ನು ಕೇಳಿದರು.

"ನೆಲ್ಲಿಕಾಯಿಯನ್ನ ಕಬ್ಬಿಣದ ಬಾಣಲೆಗೆ ಹಾಕಿದ್ರೆ ಏನಾಗ್ತದಮ್ಮ?"

"ಕಪ್ಪಾಗ್ತದೆ ಮೇಡಂ."

"ಇಲ್ಲಿ ಬಾಣಲೆ ಇಲ್ಲ. ಕಬ್ಬಿಣ ಕಲ್ಲಿನ ಒಳಗಿಂದ ಬಂದೈತೆ. ಹುಳಿ ಎಳೆದು ತಂದೈತೆ." ಹುಳಿಗುಂಡಿಯಿಂದ ತೆಗೆದ ಬಿಲ್ಲೆಯೊಂದನ್ನು ಆರಿಸಿ ನಂದಿಯ ಪಕ್ಕದಲ್ಲಿಟ್ಟರು. ಅದರ ಗೀರುಗಳಲ್ಲೂ ಅದೇ ನೀಲಿಗಪ್ಪು. ಮಣ್ಣಿನಿಂದ ತೆಗೆದ ಯಾವ ಬಿಲ್ಲೆಯಲ್ಲೂ ಅದಿರಲಿಲ್ಲ. "ನೆಲ್ಲಿಕಾಯಿ ಹಾಕಿದ ಹುಳಿಗುಂಡಿ ಈ ಸುತ್ತಿನಲ್ಲಿ ಇನ್ನೊಂದು ಇರೋದನ್ನ ನಾನು ಕಂಡಿಲ್ಲ. ಇದು ನನ್ನ ಗುಂಡೀದೇ."

ಇನ್ಸ್‌ಪೆಕ್ಟರ್ ಟೋಪಿ ತೆಗೆದರು. "ಮೇಡಂ, ನೀವು ಏನು ಹೇಳ್ತಿದೀರಿ ಗೊತ್ತಾ?"

"ಕಂಡಿದ್ದು ಹೇಳ್ತಿದೀನಿ. ಬರ್ಕೊಳ್ಳಿ."

"ಹಾಕಿದ್ದು ಯಾರು?"

"ಅದನ್ನ ನಾನು ನೋಡಿಲ್ಲ."

ಆಗ ನಾನು ಬಾಯಿ ಬಿಟ್ಟೆ. ಕೆತ್ತನೆಯವನು ಈ ನಂದಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ ಎಂದೆ. ಮೇಡಂ ನನ್ನ ಕಡೆ ತಿರುಗಿದರು. ಒಂಬತ್ತನೇ ಕ್ಲಾಸಿನ ಮುಖ.

"ನಂದಿ ಕಂಡ್ಯಾ?"

"ಚೀಲದಲ್ಲಿ..."

"ಚೀಲದೊಳಗೆ ನೋಡಿದ್ಯಾ?"

"ಇಲ್ಲ ಮೇಡಂ."

"ಏನು ಕಂಡೆ?"

"ಒದ್ದೆ ಗೋಣಿಚೀಲ."

"ಹಾಗಾದ್ರೆ ಒದ್ದೆ ಗೋಣಿಚೀಲ ಅಂತ ಹೇಳು. ನಂದಿ ನೀನು ಸೇರಿಸಿದ್ದು."

ಅವರನ್ನು ಉಳಿಸಬಹುದಾಗಿದ್ದ ಒಂದೇ ಮಾತನ್ನು ಅವರೇ ಅರ್ಧ ಮಾಡಿ ಬರೆಸಿದರು. ಕೈ ಒರೆಸಿಕೊಂಡು ಎಲ್ಲರಿಗೂ ಕಾಫಿ ತಂದರು. ತಮ್ಮ ಲೋಟವನ್ನು ಕುಡಿಯುವ ಮೊದಲು ಮೂಸಿದರು.

ಕೆತ್ತನೆಯವನನ್ನು ಕರೆಸಿ ಕೇಳಿದಾಗ, ಚೀಲದಲ್ಲಿ ಇದ್ದದ್ದು ಬಿಲ್ಲೆ ಎಂದನಂತೆ. ಅದು ಸುಳ್ಳೆಂದು ತೋರಿಸುವವರು ಯಾರೂ ಇರಲಿಲ್ಲ. ಮಾರಲು ಹೋದವನ ಮೇಲೆ ಮೋಸದ ಕೇಸು ನಿಂತಿತು. ಕೆತ್ತನೆಯವನು ಅಂಗಡಿ ಮುಚ್ಚಿ ಗಂಡಸಿ ಊರಲ್ಲಿದ್ದ ಹೆಂಡತಿಯ ಮನೆಗೆ ಹೋದ. ಮೇಡಂ ಮೇಲೆ ಕೇಸೇನೂ ಆಗಲಿಲ್ಲ. ಆದರೆ "ಗುಂಡಿ ತನ್ನದೇ ಅಂತ ಆಯಮ್ಮನೇ ಒಪ್ಕೊಂಡ್ರಲ್ಲ" ಎಂಬ ಮಾತು ಊರಲ್ಲಿ ಉಳಿಯಿತು. ಜನರಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ನಮ್ಮೂರಿನವರು ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆ ಮುರಿದುಕೊಳ್ಳುತ್ತಿದ್ದದ್ದು ಮೇಡಂ ಮರದಿಂದಲೇ. ವರ್ಷಕ್ಕೆ ಅದೊಂದು ದಿನ ಗೇಟಿನ ಬೀಗ ತೆರೆದಿರುತ್ತಿತ್ತು. ಆ ವರ್ಷವೂ ತೆರೆದಿಟ್ಟರು. ಕೊಂಬೆಗಳನ್ನು ಕಡಿಸಿ, ಕಾಯಿ ಇರುವಂತೆ ನೋಡಿ, ಗೇಟಿನ ಪಕ್ಕ ಜೋಡಿಸಿಟ್ಟರು. ಊರಿನವರು ಜಾವಗಲ್‌ಗೆ ಹೋಗಿ ಕೊಂಬೆ ಕೊಂಡು ತಂದರು. ಬಸ್ಸಿನ ಕಿಟಕಿಗಳಿಂದ ಹೊರಗೆ ಚಾಚಿಕೊಂಡ ನೆಲ್ಲಿ ಕೊಂಬೆಗಳು ಮೇಡಂ ಗೇಟಿನ ಮುಂದೆಯೇ ಹಾದುಹೋದವು. ನಾನು ಸಂಜೆ ಹೋದಾಗ ಅವರು ಬಾಡಿದ ಕೊಂಬೆಗಳಿಂದ ಕಾಯಿ ಬಿಡಿಸಿ ಹುಳಿಗುಂಡಿಗೆ ಹಾಕುತ್ತಿದ್ದರು.

"ಮೇಡಂ, ಅವನ ಮೇಲೆ ನಿಮಗೆ ಅನುಮಾನ ಇರಲಿಲ್ವಾ?" ಎಂದು ಅಂದು ಕೇಳಿದೆ.

"ಅನುಮಾನ ಎಲ್ಲರ ಮೇಲೂ ಇರ್ತದೆ ಕಣೋ. ನಿನ್ನ ಮೇಲೂ ಐತೆ. ಅನುಮಾನ ಬೇರೆ, ಸಾಕ್ಷಿ ಬೇರೆ."

"ಗುಂಡೀನ ನೀವೇ ಬಿದಿರಿನ ಗಳದಲ್ಲಿ ಕಲಕ್ತಿದ್ರಲ್ಲ. ನಂದಿ ತಗುಲಲಿಲ್ವಾ?"

ಅವರು ಕೈಯಲ್ಲಿದ್ದ ಕಾಯಿಯನ್ನು ಮೂಗಿನ ಹತ್ತಿರ ತಂದರು. ಇಳಿಸಿದರು.

"ಕತ್ತಲಾಯ್ತು. ಗುಂಡಿ ಮುಚ್ಚಳ ಹಾಕಿ ಬಾ" ಎಂದರು.

ಕಳೆದ ಚಳಿಗಾಲದಲ್ಲಿ ಎದೆನೋವೆಂದು ಮೇಡಂ ಅವರನ್ನು ಅರಸೀಕೆರೆಗೆ ಕರೆತಂದರು. ಆಸ್ಪತ್ರೆಯ ಹಾಸಿಗೆಯ ಮೇಲೆ, ನರ್ಸು ಕೊಟ್ಟ ಮಾತ್ರೆಯನ್ನು ಮೂಸಿ, "ಇದರಲ್ಲಿ ಸೀಮೆಸುಣ್ಣವೇ ಜಾಸ್ತಿ" ಎಂದು ನನಗೆ ಹೇಳಿದರು. ಮಾರನೆಯ ಬೆಳಿಗ್ಗೆ ತೀರಿಕೊಂಡರು.

ತೋಟದಲ್ಲೇ, ಅವರ ತಂದೆಯ ಪಕ್ಕದಲ್ಲಿ ಸಮಾಧಿ ಮಾಡುವುದೆಂದಾಯಿತು. ಜನ ಬಂದಿದ್ದರು; ನಾನು ಎಣಿಸಿದ್ದಕ್ಕಿಂತ ಹೆಚ್ಚೇ. ಗಂಡಸಿಯಿಂದ ಕೆತ್ತನೆಯವನೂ ಬಂದು ದೂರದಲ್ಲಿ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಗುಣಿ ತೋಡುವಾಗ ಹಾರೆಗೆ ಏನೋ ಟಣ್ ಎಂದಿತು. ತೋಡುವವರು ನಿಂತರು. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಆ ಹೆಜ್ಜೆಯಲ್ಲಿ ಏನಿತ್ತೆಂದು ನನಗೆ ಗೊತ್ತು.

ಯಜಮಾನರು ಬಗ್ಗಿ ಅದನ್ನು ತೆಗೆದುಕೊಂಡರು. ಒಂದು ಬಿಲ್ಲೆ. ಪೊಲೀಸಿನವರಿಗೂ ಸಿಗದೆ, ಮೇಡಂಗೂ ಮರೆತುಹೋಗಿ ಉಳಿದದ್ದಿರಬೇಕು. ತೆಂಗಿನ ಬೇರೊಂದು ಅದರ ಒಂದು ಮಗ್ಗುಲನ್ನು ಬಿಗಿಯಾಗಿ ತಬ್ಬಿತ್ತು. ಅವರು ಬೇರನ್ನು ಬಿಡಿಸಿ, ಟವೆಲಿನಿಂದ ಒರೆಸಿ, ಜಗಲಿಯಲ್ಲಿ ಅಂದು ಮೇಡಂ ಮಾಡಿದ ಹಾಗೆಯೇ ಬಿಸಿಲಿಗೆ ಓರೆ ಹಿಡಿದರು. ಮಂಕಾದ ಗೆರೆಗಳು, ಕವಲು, ಕವಲಿನಿಂದ ಕವಲು. ತಿರುಗಿಸಿದರು. ಆ ಕಡೆ ಏನೂ ಇರಲಿಲ್ಲ.

"ಬಾರಪ್ಪಾ ಇಲ್ಲಿ" ಎಂದು ಕೆತ್ತನೆಯವನನ್ನು ಕರೆದರು. "ನೀನು ಉಳಿ ಹಿಡಿಯೋನು. ಇಂಥದ್ದನ್ನ ಕೆತ್ತಕ್ಕಾಗ್ತದಾ?"

ಅವನು ಬಿಲ್ಲೆ ಹಿಡಿದುಕೊಂಡು ಬಹಳ ಹೊತ್ತು ನೋಡಿದ. "ಆಗಲ್ಲ."

"ಆ ನಂದಿ?"

"ಅದು ನಾನು ಕೆತ್ತಿದ್ದು. ಗುಂಡಿಗೆ ನಾನೇ ಹಾಕಿದ್ದು, ನಾನೇ ತೆಗೆದಿದ್ದು." ತುಂಬ ಮೆಲ್ಲಗೆ ಸೇರಿಸಿದ: "ಮೇಡಂಗೆ ಗೊತ್ತಿರಲಿಲ್ಲ."

ಯಜಮಾನರು ಬಿಲ್ಲೆಯನ್ನು ಅವನ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಊರಿನ ಹೆಂಗಸೊಬ್ಬರು ಹೋಗಿ ನೆಲ್ಲಿ ಮರದಿಂದ ಕಾಯಿ ಇರುವ ಒಂದು ಕೊಂಬೆ ಮುರಿದು ತಂದು, ಪತ್ರೆ ವಿಭೂತಿಗಳ ಜೊತೆಗೆ ಇಟ್ಟರು. ಅವರ ಹಿಂದೆ ಇನ್ನೊಬ್ಬರು ಹೋದರು. ಕೆತ್ತನೆಯವನು ಪಂಚೆ ಎತ್ತಿ ಕಟ್ಟಿ ಮಣ್ಣಿನ ಬುಟ್ಟಿ ಹಿಡಿದ. ಯಾರೂ ಬೇಡ ಎನ್ನಲಿಲ್ಲ.

ಮೇಡಂ ಹೆಸರು ಆ ಹೊತ್ತಿಗೆ ತೊಳೆದುಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೌದೆನ್ನುತ್ತೇನೆ. ಆದರೆ ಅವರು ನನಗೆ ಕಲಿಸಿದ್ದು ಬಿಡುವುದಿಲ್ಲ. ಕೆತ್ತಿದೆ ಎಂದದ್ದು, ಹಾಕಿದೆ ಎಂದದ್ದು, ತೆಗೆದೆ ಎಂದದ್ದು ಅವನು ಮಾಡಿದ ಕೆಲಸ. ಅದಕ್ಕೆ ಅವನು ಸಾಕ್ಷಿ. ಮೇಡಂಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದಕ್ಕೆ ಅವನು ಸಾಕ್ಷಿಯಲ್ಲ. ಕಾಗದ ಮೂಸಿ ಬರೆದವರನ್ನು ಹೇಳುತ್ತಿದ್ದವರಿಗೆ, ತಾವೇ ಕಲಕುತ್ತಿದ್ದ ಗುಂಡಿಯಲ್ಲಿ ಒಂದು ಕಲ್ಲು ಹೆಚ್ಚಾದದ್ದು ತಿಳಿಯಲಿಲ್ಲವೆ? ಬುದ್ಧಿವಂತ ಪ್ರಶ್ನೆ ಕೇಳಿದ್ದ ಒಬ್ಬ ಶಿಷ್ಯನಿಗಾಗಿ ಅವರು ಬಾಯಿ ಮುಚ್ಚಿಕೊಂಡಿದ್ದರೆ? ನಾನು ನೋಡಿಲ್ಲ. ಅದಕ್ಕೇ ಅಂದು ಏನೂ ಹೇಳಲಿಲ್ಲ.

ನನ್ನ ಸರದಿ ಬಂದಾಗ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಹಾಕುವ ಮೊದಲು ಅದನ್ನು ಮೂಗಿನ ಹತ್ತಿರ ತಂದೆ. ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿತು. ಸ್ವಲ್ಪ ಹುಳಿ ಇತ್ತು.